2014ರ ನಿಯಮ, 2024ರ ಪುಸ್ತಕ: ಎರಡನ್ನೂ ಬೆರೆಸಿ ಆಡಬಹುದೇ?

ನೀವು ಕೇಳಿರುವುದು ಇಷ್ಟು: ಪಾತ್ರಗಳನ್ನು ವಹಿಸಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು ನಿಮ್ಮ ಗುಂಪು 2014ರ ನಿಯಮಗಳಂತೆ ಆಡುತ್ತಾ ಅರ್ಧ ದಾರಿ ಬಂದಿದೆ, ಈಗ ಇಬ್ಬರು ಆಟಗಾರರು ಆಟಗಾರರ ನಿಯಮ ಪುಸ್ತಕವಾದ 2024ರ ಪರಿಷ್ಕೃತ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಂದಿದ್ದಾರೆ, ಎರಡೂ ಒಂದಕ್ಕೊಂದು ಹೊಂದುತ್ತವೆ ಎಂಬ ಮಾತನ್ನು ನಂಬಿ ಬೆರೆಸಿ ಆಡಬಹುದೇ?

ಆಡಬಹುದು. ಆದರೆ ಒಂದೇ ಹೆಸರಿನ ನಿಯಮ ಎರಡೂ ಪುಸ್ತಕಗಳಲ್ಲಿದ್ದಾಗ ಯಾವುದರ ಮಾತು ನಡೆಯಬೇಕೆಂಬುದನ್ನು ಆಟಕ್ಕೆ ಕೂರುವ ಮೊದಲೇ ತೀರ್ಮಾನಿಸದಿದ್ದರೆ ಪ್ರತಿ ಕಾಳಗವೂ ವಾದವಾಗುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೂರನೆಯ ಆವೃತ್ತಿ 2000ದಲ್ಲಿ ಬಂದಿತು, ಅದರ ಪರಿಷ್ಕರಣೆಯಾದ 3.5 ಮೂರೇ ವರ್ಷಗಳಲ್ಲಿ, 2003ರಲ್ಲಿ ಬಂದಿತು. ಕಥೆ ನಡೆಸುವ ಡಂಜನ್ ಮಾಸ್ಟರ್ ಆಗಿದ್ದ ನನ್ನ ಕೈಯಲ್ಲಿ ಹೊಸ ಪುಸ್ತಕವಿತ್ತು, ಮಾಂತ್ರಿಕನ ಪಾತ್ರ ವಹಿಸಿದ್ದ ಗೆಳೆಯನ ಕೈಯಲ್ಲಿ ಹಳೆಯದು. ಅವನು ಹೇಸ್ಟ್ ಮಂತ್ರವನ್ನು ತನ್ನ ಮೇಲೆಯೇ ಹಾಕಿಕೊಂಡು ಒಂದೇ ಸರದಿಯಲ್ಲಿ ಎರಡು ಮಂತ್ರಗಳನ್ನು ಪ್ರಯೋಗಿಸಿದ. ಹಳೆಯ ಪುಸ್ತಕದ ಪ್ರಕಾರ ಅವನು ಮಾಡಿದ್ದು ಸರಿಯೇ. ಏಕೆಂದರೆ ಅಲ್ಲಿ ಹೇಸ್ಟ್ ಪ್ರತಿ ಸರದಿಗೂ ಇನ್ನೊಂದು ಕ್ರಿಯೆಯನ್ನು ಕೊಡುತ್ತಿತ್ತು. ಹೊಸ ಪುಸ್ತಕದಲ್ಲಿ ಅದು ಪೂರ್ಣ ದಾಳಿ ಮಾಡುವವರಿಗೆ ಹೆಚ್ಚುವರಿ ಹೊಡೆತವೊಂದನ್ನು ಕೊಡುವ, ಎಂದರೆ ಮಾಂತ್ರಿಕನಿಗಿಂತ ಖಡ್ಗ ಹಿಡಿದವನಿಗೆ ಒದಗುವ ಮಂತ್ರವಾಗಿತ್ತು. ಅಂದಿನ ಆಟ ಅಲ್ಲಿಗೇ ನಿಂತಿತು. ಹಾರ್ಮ್ ಮಂತ್ರದ ಕಥೆಯೂ ಇದೇ: 2000ದಲ್ಲಿ ಅದು ಮುಟ್ಟಿದ ಮಾತ್ರಕ್ಕೆ ಎಂಥ ಶತ್ರುವನ್ನೂ ನಾಲ್ಕಕ್ಕಿಂತ ಹೆಚ್ಚು ಹಿಟ್ ಪಾಯಿಂಟ್ (ಜೀವಬಲದ ಅಂಕ) ಉಳಿಯದಂತೆ ಮಾಡುತ್ತಿತ್ತು; 2003ರಲ್ಲಿ ಅದರ ಪೆಟ್ಟು ಪ್ರಯೋಗಿಸುವವನ ಲೆವೆಲ್‌ಗೆ 10ರಂತೆ ಗರಿಷ್ಠ 150ಕ್ಕೆ ಇಳಿಯಿತು.

ಇದಕ್ಕೆ ಹೋಲಿಸಿದರೆ ನಿಜವಾಗಿಯೂ ದೊಡ್ಡದಾದ ಬದಲಾವಣೆಗಳು ಯಾರಿಗೂ ತೊಂದರೆ ಕೊಟ್ಟದ್ದನ್ನು ನಾನು ಕಂಡಿಲ್ಲ. 1989ರ ಎರಡನೆಯ ಆವೃತ್ತಿಯಲ್ಲಿ ಹೊಡೆತಕ್ಕೆ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಅಳೆಯುವ ಆರ್ಮರ್ ಕ್ಲಾಸ್ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಹೊಡೆಯಬೇಕಾದವನು ತನ್ನ ಥ್ಯಾಕೋ ಸಂಖ್ಯೆಯಿಂದ (ಆರ್ಮರ್ ಕ್ಲಾಸ್ 0 ಇದ್ದವನಿಗೆ ತಗುಲಲು ಬೇಕಾದ ಅಂಕ) ಎದುರಾಳಿಯ ಆರ್ಮರ್ ಕ್ಲಾಸನ್ನು ಕಳೆದು, ಉಳಿದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಇಪ್ಪತ್ತು ಮುಖದ ದಾಳದಲ್ಲಿ ಉರುಳಿಸಬೇಕಿತ್ತು. ಐದನೆಯ ಲೆವೆಲ್‌ನ ಯೋಧನ ಥ್ಯಾಕೋ 16, ಎದುರಾಳಿಯ ಆರ್ಮರ್ ಕ್ಲಾಸ್ 3 ಎಂದಾದರೆ ಬೀಳಬೇಕಾದದ್ದು 13. ಮೂರನೆಯ ಆವೃತ್ತಿ ಈ ಲೆಕ್ಕವನ್ನು ತಲೆಕೆಳಗು ಮಾಡಿತು: ಎರಡೂ ಸಂಖ್ಯೆಗಳನ್ನು 20ರಿಂದ ಕಳೆಯಿರಿ, ಯೋಧನಿಗೆ ದಾಳದ ಮೇಲೆ 4 ಕೂಡಿಸುವ ಹಕ್ಕು, ಎದುರಾಳಿಗೆ 17ರ ಆರ್ಮರ್ ಕ್ಲಾಸ್, ಬೀಳಬೇಕಾದದ್ದು ಈಗಲೂ 13. ನೂರಕ್ಕೆ 40ರ ಸಾಧ್ಯತೆ ಎಲ್ಲಿಯೂ ಹೋಗಲಿಲ್ಲ, ಕಳೆಯುವ ಬದಲು ಕೂಡುವುದು ಬಂದಿತು, ಅಷ್ಟೆ. (ಕೂಡುವುದು ಕಳೆಯುವುದಕ್ಕಿಂತ ಎಷ್ಟು ಸುಲಭ ಎಂಬುದನ್ನು ಅರಿಯಲು ಈ ಆಟಕ್ಕೆ 26 ವರ್ಷ ಬೇಕಾಯಿತು ಎಂಬುದು ನನಗೆ ಇಂದಿಗೂ ತಮಾಷೆಯ ಸಂಗತಿ.) ಬದಲಾವಣೆ ಕಣ್ಣಿಗೆ ಹೊಡೆಯುವಂತಿದ್ದುದರಿಂದ ಯಾರೂ ಎರಡನ್ನು ಬೆರೆಸಲು ಹೋಗಲಿಲ್ಲ. 2008ರ ನಾಲ್ಕನೆಯ ಆವೃತ್ತಿಯಂತೂ ಬೇರೆಯೇ ಆಟವೆನ್ನುವಷ್ಟು ಭಿನ್ನವಾಗಿತ್ತು. ಜಗಳವಾದದ್ದು ಆಡಬೇಕೋ ಬೇಡವೋ ಎಂಬುದಕ್ಕೆ ಹೊರತು ಬೆರೆಸುವುದಕ್ಕಲ್ಲ.

2014 ಮತ್ತು 2024ರ ನಡುವಿನ ಸಂಬಂಧ ಥ್ಯಾಕೋ ಕಥೆಯಂತಲ್ಲ, ಹೇಸ್ಟ್ ಕಥೆಯಂತೆ. ಮೂಳೆಗಳು ಒಂದೇ: ಲೆವೆಲ್ ಏರಿದಂತೆ 2ರಿಂದ 6ಕ್ಕೆ ಏರುವ, ಪಾತ್ರ ಪಳಗಿದ ಕೆಲಸಗಳಲ್ಲಿ ದಾಳಕ್ಕೆ ಕೂಡಿಸುವ ಪ್ರೊಫಿಶಿಯನ್ಸಿ ಬೋನಸ್, ಎರಡು ದಾಳ ಉರುಳಿಸಿ ಒಳ್ಳೆಯದನ್ನೋ ಕೆಟ್ಟದ್ದನ್ನೋ ಆರಿಸುವ ಅಡ್ವಾಂಟೇಜ್ ಮತ್ತು ಡಿಸ್‌ಅಡ್ವಾಂಟೇಜ್, ಆರು ಸಾಮರ್ಥ್ಯಗಳಿಗೆ ಅಪಾಯದಿಂದ ಪಾರಾಗಲು ದಾಳ ಉರುಳಿಸುವ ಆರು ಸೇವಿಂಗ್ ಥ್ರೋ. ಬದಲಾದದ್ದು ಹೆಸರುಗಳ ಒಳಗಿನ ಹುರುಳು. ದೈವಬಲದ ಯೋಧನಾದ ಪ್ಯಾಲಡಿನ್‌ನ ಡಿವೈನ್ ಸ್ಮೈಟನ್ನೇ ನೋಡಿ. 2014ರಲ್ಲಿ ಅದು ಮಂತ್ರವಲ್ಲ. ಹೊಡೆತ ತಗುಲಿದಾಗಲೆಲ್ಲ ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಮಿತ ಅವಕಾಶಗಳಲ್ಲೊಂದು) ಕೊಟ್ಟು ಪೆಟ್ಟನ್ನು ಹೆಚ್ಚಿಸಿಕೊಳ್ಳಬಹುದಿತ್ತು, ಒಂದೇ ಸರದಿಯಲ್ಲಿ ಎರಡು ಬಾರಿ ತಗುಲಿದರೆ ಎರಡು ಬಾರಿಯೂ. 2024ರಲ್ಲಿ ಅದು ಸರದಿಗೆ ಒಂದೇ ಸಿಗುವ ಬೋನಸ್ ಆ್ಯಕ್ಷನ್ (ಹೆಚ್ಚುವರಿ ಚಿಕ್ಕ ಕ್ರಿಯೆ) ಬೇಡುವ ಮಂತ್ರ. ಆದ್ದರಿಂದ ಸರದಿಗೆ ಒಮ್ಮೆ ಮಾತ್ರ, ಮತ್ತು ಕೌಂಟರ್‌ಸ್ಪೆಲ್‌ನಿಂದ ತಡೆಯಲೂ ಬರುತ್ತದೆ. ವಿಶೇಷ ಪರಿಣತಿಯಾದ ಗ್ರೇಟ್ ವೆಪನ್ ಮಾಸ್ಟರ್ ಫೀಟ್‌ನಲ್ಲಿ ದಾಳದಿಂದ 5 ಕಳೆದುಕೊಂಡು ಪೆಟ್ಟಿಗೆ 10 ಸೇರಿಸುವ ಜೂಜು ಹೋಗಿದೆ. ಕ್ಯೂರ್ ವೂಂಡ್ಸ್ ಮಂತ್ರ ಮೊದಲು ಎಂಟು ಮುಖದ ಒಂದು ದಾಳದಷ್ಟು ಗುಣಪಡಿಸುತ್ತಿತ್ತು, ಈಗ ಎರಡು ದಾಳದಷ್ಟು.

ಡಂಜನ್ ಮಾಸ್ಟರ್‌ಗೆ ಇವೆಲ್ಲಕ್ಕಿಂತ ಹೆಚ್ಚು ತಟ್ಟುವುದು ಅನಿರೀಕ್ಷಿತ ದಾಳಿಯ ನಿಯಮ. 2014ರಲ್ಲಿ ಹೊಂಚಿಗೆ ಸಿಕ್ಕವರು ತಮ್ಮ ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಿದ್ದರು. 2024ರಲ್ಲಿ ಅವರು ಸರದಿಯ ಕ್ರಮ ನಿರ್ಧರಿಸುವ ಇನಿಶಿಯೇಟಿವ್ ದಾಳವನ್ನು ಡಿಸ್‌ಅಡ್ವಾಂಟೇಜ್‌ನಲ್ಲಿ ಉರುಳಿಸಿದರೆ ಸಾಕು. ಹೊಂಚಿನಿಂದಲೇ ಸಮತೋಲ ಕಾಣುವಂತೆ ಹೆಣೆದ ಹಳೆಯ ಕಥಾಭಾಗವೊಂದು ಹೊಸ ನಿಯಮದಡಿ ಸಪ್ಪೆಯಾಗಬಹುದು. ಆಯಾಸದ ಲೆಕ್ಕವನ್ನು ಮಾತ್ರ ಹೊಸದರಿಂದಲೇ ತೆಗೆದುಕೊಳ್ಳಿ ಎನ್ನುವೆ. ಹಂತಕ್ಕೊಂದು ಬೇರೆ ಬೇರೆ ಶಿಕ್ಷೆಯಿದ್ದ ಹಳೆಯ ಪಟ್ಟಿಯನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಈಗ ಹಂತಕ್ಕೆ 2ರಂತೆ ಇಪ್ಪತ್ತು ಮುಖದ ದಾಳದಿಂದ ಕಳೆಯುವುದು, 5 ಅಡಿಯಂತೆ ವೇಗ ಕುಗ್ಗುವುದು, ಆರನೆಯ ಹಂತಕ್ಕೆ ಸಾವು.

ಹಳೆಯ ಪುಸ್ತಕಗಳಿಂದ ಏನನ್ನು ತರಬಹುದು? ಹೊಸ ಪುಸ್ತಕದಲ್ಲಿ ಇಲ್ಲದ, ಪಾತ್ರದ ವೃತ್ತಿಯ (ಕ್ಲಾಸ್) ಕವಲುಗಳಾದ ಸಬ್‌ಕ್ಲಾಸ್‌ಗಳನ್ನು ಧಾರಾಳವಾಗಿ ತರಬಹುದು, ಆದರೆ ಎಲ್ಲ ಕ್ಲಾಸ್‌ಗಳಿಗೂ ಅವು ಈಗ ಮೂರನೆಯ ಲೆವೆಲ್‌ನಲ್ಲಿ ಆರಂಭವಾಗುತ್ತವೆ. ಎಚ್ಚರ ವಹಿಸಬೇಕಾದದ್ದು ಪಾತ್ರದ ಹುಟ್ಟಿನ ಲೆಕ್ಕದಲ್ಲಿ. 2014ರಲ್ಲಿ ಎಲ್ಫ್, ಡ್ವಾರ್ಫ್ ಮುಂತಾದ ಕುಲದಿಂದ ಸಾಮರ್ಥ್ಯದ ಅಂಕಗಳು ಏರುತ್ತಿದ್ದವು, 2024ರಲ್ಲಿ ಅವು ಪಾತ್ರದ ಹಿಂದಿನ ಬದುಕನ್ನು ಹೇಳುವ ಬ್ಯಾಕ್‌ಗ್ರೌಂಡ್‌ನಿಂದ ಬರುತ್ತವೆ. ಹಳೆಯ ಕುಲ ಮತ್ತು ಹೊಸ ಬ್ಯಾಕ್‌ಗ್ರೌಂಡ್ ಸೇರಿಸಿಕೊಂಡವನು ತಿಳಿಯದೆಯೇ ಎರಡು ಬಾರಿ ಅಂಕ ಪಡೆದಿರುತ್ತಾನೆ. ಹಾಗಾದಾಗ ಹಳೆಯ ಕುಲದ ಅಂಕಗಳನ್ನು ಬಿಟ್ಟುಬಿಡಬೇಕೆಂದು ಹೊಸ ಪುಸ್ತಕವೇ ಹೇಳುತ್ತದೆ. ನಿಮ್ಮ ಇಬ್ಬರು ಆಟಗಾರರ ಹಾಳೆಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಹಳೆಯ ರಾಕ್ಷಸ, ಮೃಗಗಳು ಮಾತ್ರ ಹೊಸ ಪಾತ್ರಗಳ ಎದುರು ಹೆಚ್ಚು ಕಡಿಮೆ ಹಾಗೆಯೇ ನಡೆಯುತ್ತವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಆಡುತ್ತಿರುವ ಕಥಾಭಾಗವನ್ನು 2014ರಲ್ಲಿಯೇ ಮುಗಿಸಿ, ಮುಂದಿನ ಲೆವೆಲ್ ಏರುವ ದಿನ ಎಲ್ಲ ಪಾತ್ರಗಳನ್ನೂ ಒಟ್ಟಿಗೆ 2024ಕ್ಕೆ ತರುತ್ತಿದ್ದೆ. ಒಬ್ಬರು ಹಳೆಯದರಲ್ಲಿ, ಒಬ್ಬರು ಹೊಸದರಲ್ಲಿ ಉಳಿಯುವುದಕ್ಕೆ ಒಪ್ಪುತ್ತಿರಲಿಲ್ಲ. ಪ್ಯಾಲಡಿನ್ ಆಡುವವರಿದ್ದರೆ ಅವರೊಡನೆ ಮುಂಚಿತವಾಗಿ ಮಾತನಾಡಿ, ಏಕೆಂದರೆ ಕಳೆದುಕೊಳ್ಳುವುದು ಮೊದಲು ಅವರ ಕಣ್ಣಿಗೆ ಬೀಳುತ್ತದೆ. ದಿನಕ್ಕೊಮ್ಮೆ ಸ್ಲಾಟ್ ಖರ್ಚಿಲ್ಲದೆ ಸ್ಮೈಟ್ ಮಾಡುವ ಅವಕಾಶವೂ, ಮುಟ್ಟಿ ಗುಣಪಡಿಸುವ ಲೇ ಆನ್ ಹ್ಯಾಂಡ್ಸ್ ಅನ್ನು ಬೋನಸ್ ಆ್ಯಕ್ಷನ್‌ನಲ್ಲಿಯೇ ಮುಗಿಸುವ ಅನುಕೂಲವೂ ಹೊಸದಾಗಿ ಸಿಕ್ಕಿವೆ ಎಂಬುದನ್ನು ನೀವೇ ತೆರೆದು ತೋರಿಸಬೇಕಾಗುತ್ತದೆ.