ತುಮಕೂರಿನ ಪೊಲೀಸರಿಗೆ ಸಂಬಳ ಕೊಡುವುದು ಮಹಾನಗರ ಪಾಲಿಕೆಯೇ?

ಅಲ್ಲ. ಪಾಲಿಕೆಗೆ ನೀವು ಕಟ್ಟುವ ಮನೆ ಕಂದಾಯದಿಂದ ಪೊಲೀಸರ ಸಂಬಳ ಬರುವುದಿಲ್ಲ. ಕಾನ್‌ಸ್ಟೆಬಲ್‌ನಿಂದ ಎಸ್‌ಪಿವರೆಗೆ ಎಲ್ಲರಿಗೂ ಸಂಬಳ ಕೊಡುವುದು ರಾಜ್ಯ ಸರ್ಕಾರ, ಗೃಹ ಇಲಾಖೆಯ ಬಜೆಟ್‌ನಿಂದ.

ಕಾರಣ ಸಂವಿಧಾನದಲ್ಲೇ ಇದೆ. 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ, ಅಂದರೆ ರಾಜ್ಯಗಳೇ ನೋಡಿಕೊಳ್ಳಬೇಕಾದ ವಿಷಯಗಳ ಪಟ್ಟಿಯಲ್ಲಿ, ಪೊಲೀಸ್ ಸೇರಿದೆ. ಹಾಗಾಗಿ ನೇಮಕ, ವರ್ಗಾವಣೆ, ಬಡ್ತಿ ಯಾವುದೂ ಮೇಯರ್ ಕೈಯಲ್ಲಿಲ್ಲ. ಅಮೆರಿಕದಲ್ಲಿ ಬಹಳಷ್ಟು ನಗರಗಳು ತಮ್ಮ ಪೊಲೀಸರಿಗೆ ತಾವೇ ಹಣ ಕೊಡುತ್ತವೆ. ಅಲ್ಲಿನ ಸುದ್ದಿ ಓದಿದವರಿಗೆ ಈ ಗೊಂದಲ ಬರುವುದು ಸಹಜ ಅಲ್ವಾ?

ಹಾಗಂತ ನಮ್ಮ ಸುರಕ್ಷತೆಯಲ್ಲಿ ಪಾಲಿಕೆಗೆ ಪಾತ್ರವೇ ಇಲ್ಲ ಅಂತಲ್ಲ. ಬೀದಿ ದೀಪ ಅದರ ಕೆಲಸ. ನನ್ನ ಮಟ್ಟಿಗೆ ಇದು ತುಂಬಾ ದೊಡ್ಡ ವಿಷಯ. ರಾತ್ರಿ ಟ್ಯೂಷನ್ ಮುಗಿಸಿ ಬರುವ ಹುಡುಗಿ, ದೀಪ ಕೆಟ್ಟ ಕಂಬದ ಹತ್ತಿರ ಬಂದಾಗ ಮೊಬೈಲ್ ಟಾರ್ಚ್ ಹಾಕಿಕೊಂಡು ಬೇಗ ಬೇಗ ಹೆಜ್ಜೆ ಹಾಕುವುದನ್ನು ನೋಡಿದ್ದೇನೆ. ಆ ಕತ್ತಲೆಗೆ ಠಾಣೆಯಲ್ಲಿ ಪರಿಹಾರವಿಲ್ಲ. ಕಂಬದ ನಂಬರ್ ಬರೆದುಕೊಂಡು ಪಾಲಿಕೆಗೇ ದೂರು ಕೊಡಬೇಕು.

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ತುಮಕೂರು 2016ರಲ್ಲಿ ಆಯ್ಕೆಯಾಯಿತು. 2025ರಲ್ಲಿ ಮುಗಿದ ಆ ಯೋಜನೆಗೆ ಕೇಂದ್ರವೂ ರಾಜ್ಯವೂ ಹಣ ಹಾಕಿದ್ದವು. ಅದರಿಂದಲೂ ಪೊಲೀಸರ ಸಂಬಳ ಹೋಗುತ್ತಿರಲಿಲ್ಲ.

ಗಸ್ತು ಕಡಿಮೆ, ಸಿಬ್ಬಂದಿ ಸಾಲದು ಅನ್ನಿಸಿದರೆ ವಾರ್ಡ್ ಸದಸ್ಯರನ್ನು ಸುಮ್ನೆ ಕೇಳಬೇಡಿ. ಎಸ್‌ಪಿ ಕಚೇರಿಗೆ ಬರೆಯಿರಿ, ಶಾಸಕರಿಗೂ ಹೇಳಿ. ಪೊಲೀಸ್ ಬಜೆಟ್‌ಗೆ ಒಪ್ಪಿಗೆ ಸಿಗುವುದು ವಿಧಾನಸಭೆಯಲ್ಲಿ. ತುರ್ತು ಇದ್ದರೆ ಮಾತ್ರ ನೇರ 112ಕ್ಕೆ ಕರೆ ಮಾಡಿ.