ಕೀಲಿ ತೆಗೆದುಕೊಡುವವನು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿರುವ ಈ ಪ್ರಕರಣದಲ್ಲಿ ನನ್ನ ಬಳಿ ಸಲಹೆಗೆ ಬಂದ ಯುವಕನನ್ನು ಮಂಜುನಾಥ ಎನ್ನೋಣ. ಗದಗ ಕಡೆಯ ಹಳ್ಳಿಯಿಂದ ಬಂದು, ಬಿಸಿಎ ಮುಗಿಸಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ತೊಂದರೆಗಳಿಗೆ ಫೋನಿನಲ್ಲಿ ನೆರವಾಗುವ ಸರ್ವಿಸ್ ಡೆಸ್ಕ್‌ನ ಎಲ್‌1, ಅಂದರೆ ಮೊದಲ ಹಂತದ ಹುದ್ದೆಗೆ ಸೇರಿ ಹನ್ನೊಂದು ತಿಂಗಳಾಗಿತ್ತು. ಅವನಿಗೆ ಕರೆ ಬರುವ ಅಮೆರಿಕದ ಪೂರ್ವ ಕರಾವಳಿಯ ಕಚೇರಿಗಳು ಬೆಳಿಗ್ಗೆ 9ಕ್ಕೆ ತೆರೆಯುವಾಗ ನಮ್ಮಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30, ಅವನ ಪಾಳಿ ಆಗ ಶುರುವಾಗಿ ನಸುಕಿಗೆ ಮುಗಿಯುತ್ತಿತ್ತು. ಹಗಲು ನಿದ್ರೆ ಬಾರದು, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂಬುದು ಅವನ ದೂರು. ನಾವು ಮಾತನಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಫೋನ್ ರಿಂಗಾಯಿತು; ಅವನು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಹೆಡ್‌ಸೆಟ್ ಸರಿಪಡಿಸಿಕೊಳ್ಳಲು ಕೈಯನ್ನು ಎಡಗಿವಿಯತ್ತ ಒಯ್ದ.

“ಅಪ್ಪ ಊರಿಗೆಲ್ಲ ನನ್ನ ಮಗ ಸಾಫ್ಟ್‌ವೇರ್ ಇಂಜಿನಿಯರ್ ಅಂತ ಹೇಳ್ಯಾನ್ರಿ ಮೇಡಂ. ನಾ ನೋಡಿದ್ರ ಬರೇ ಕೀಲಿ ತಗದು ಕೊಡಾಂವ” ಎಂದ. ಪಾಸ್‌ವರ್ಡ್ ರೀಸೆಟ್, ವಿಪಿಎನ್, ಪ್ರಿಂಟರ್, ಮತ್ತೆ ಪಾಸ್‌ವರ್ಡ್. ಒಂದು ಟಿಕೆಟ್, ಅಂದರೆ ದಾಖಲಾದ ದೂರು, ಮುಚ್ಚುವಷ್ಟರಲ್ಲಿ ಇನ್ನೊಂದನ್ನು ಇಷ್ಟರೊಳಗೆ ಬಗೆಹರಿಸಬೇಕೆಂಬ ಎಸ್‌ಎಲ್‌ಎ ಗಡುವು ಓಡುತ್ತಿರುತ್ತದೆ, ಕರೆ ಮಾಡಿದವರು ಕಂಪ್ಯೂಟರಿನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಳ್ಳುತ್ತಾರೆ.

ಎರಡನೆಯ ಭೇಟಿಯಲ್ಲಿ, ತೀರಾ ಕಾಡಿದ ಕರೆ ಯಾವುದು ಎಂದು ಕೇಳಿದೆ. ಒಬ್ಬ ಮಹಿಳೆಯ ಖಾತೆ ದಿನಕ್ಕೆ ಮೂರು ಬಾರಿ ಲಾಕ್ ಆಗುತ್ತಿತ್ತಂತೆ. ಎಲ್ಲರೂ ಅನ್‌ಲಾಕ್ ಮಾಡಿ ಟಿಕೆಟ್ ಮುಚ್ಚುತ್ತಿದ್ದರು. ಇವನು ಕೇಳುತ್ತ ಹೋದಾಗ, ಅವರು ಪಾಸ್‌ವರ್ಡ್ ಬದಲಿಸಿದ ಮೇಲೂ ಅವರ ಮೊಬೈಲಿನ ಮೇಲ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳುಹಿಸುತ್ತಿದ್ದುದು ತಿಳಿಯಿತು. ಇದನ್ನು ವಿವರಿಸಿದ ಹತ್ತು ನಿಮಿಷ ಅವನ ಕೈ ಕಿವಿಯತ್ತ ಹೋಗಲಿಲ್ಲ. ಆದರೆ ಆ ಕರೆ ಉದ್ದವಾಯಿತೆಂದು ಅಂಕ ಕಡಿತವಾಗಿತ್ತು, ಕಾರಣ ಹುಡುಕಿದ್ದು ಎಲ್ಲಿಯೂ ದಾಖಲಾಗಿರಲಿಲ್ಲ. ಅವನನ್ನು ಸವೆಸುತ್ತಿದ್ದುದು ಕೆಲಸ ಸಣ್ಣದೆಂಬುದಕ್ಕಿಂತ, ಮಾಡಿದ ಕೆಲಸ ಟಿಕೆಟ್ ಮುಚ್ಚಿದೊಡನೆ ಅಳಿಸಿಹೋಗುವುದು ಎಂದು ನನಗೆ ಅನ್ನಿಸಿತು.

ಕೆಲಸ ಬಿಡು ಎಂದು ನಾನು ಹೇಳಲಿಲ್ಲ. ಸಾಲದ ಕಂತು ಇದ್ದವನಿಗೆ ಆ ಮಾತು ಸುಲಭದ ಸಲಹೆಯೇ ಹೊರತು ಸಹಾಯವಲ್ಲ. ಪಾಳಿ ಮುಗಿದೊಡನೆ ಅಂದು ಕಾರಣ ಪತ್ತೆಯಾದ ಒಂದು ತೊಂದರೆಯನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಲು, ಗ್ರಾಹಕರ ಹೆಸರು, ಕಂಪನಿಯ ಗುಟ್ಟು ಅದರಲ್ಲಿ ಬಾರದಂತೆ ನೋಡಿಕೊಳ್ಳಲು, ಹತ್ತಾರು ಸೇರಿದ ಮೇಲೆ ಟೀಮ್ ಲೀಡ್‌ಗೆ ತೋರಿಸಿ ಮುಂದಿನ ಹಂತದ ಎಲ್‌2 ತಂಡದ ಪಕ್ಕ ಕುಳಿತು ಕಲಿಯಲು ಅವಕಾಶ ಕೇಳಲು ಹೇಳಿದೆ. ನಿದ್ರೆಗಾಗಿ ಪಿಜಿಯ ಕಿಟಕಿಗೆ ದಪ್ಪ ಪರದೆ, ಪಾಳಿಯ ಕೊನೆಯರ್ಧದಲ್ಲಿ ಕಾಫಿ ಬೇಡ, ರಜೆಯ ದಿನವೂ ಮಲಗುವ ವೇಳೆ ಪೂರ್ತಿ ತಿರುವುಮುರುವಾಗದಿರಲಿ ಎಂದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದ. ಆದರೂ ಹಗಲು ರಾತ್ರಿ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ.

ಅಪ್ಪನಿಗೆ ನಿಜ ಹೇಳುವುದೇ ಅವನಿಗೆ ಕಷ್ಟವಾಯಿತು. ನಾಲ್ಕನೆಯ ಭೇಟಿಗೆ ಬಂದಾಗ ನಿದ್ರೆ ಐದು ಗಂಟೆಗೆ ಏರಿತ್ತು, ಎದೆಬಡಿತ ಪೂರ್ತಿ ಹೋಗಿರಲಿಲ್ಲ. ಅಪ್ಪ ಕೇಳಿಸಿಕೊಂಡು ಅಂದದ್ದಿಷ್ಟಂತೆ: “ಹಂಗಾರ ಲೈನ್‌ಮನ್ ಇದ್ದಂಗ ಅನ್ನು. ರಾತ್ರಿ ಊಟ ಎಷ್ಟಕ್ಕ ಮಾಡ್ತಿ?”