ವರ್ಗೀಸೂ ಜಾರ್ಜೂ ಒಂದೇನಾ?

ಪ್ರಶ್ನೆ: ನಮ್ಮ ಆಫೀಸಲ್ಲಿ ಕೊಟ್ಟಾಯಂ ಕಡೆಯ ವರ್ಗೀಸ್ ಅಂತ ಒಬ್ರಿದ್ದಾರೆ. ವರ್ಗೀಸ್ ಅಂದ್ರೆ ಜಾರ್ಜೇ ಅಂತ ಊಟದ ಟೈಮಲ್ಲಿ ಹೇಳಿದ್ರು, ನಾವ್ಯಾರೂ ನಂಬ್ಲಿಲ್ಲ. ನಿಜಾನಾ ಸರ್? ಈ ಹೆಸರಿಗೆ ಅರ್ಥ ಏನಾದ್ರೂ ಇದ್ಯಾ?

ಉತ್ತರ: ನಿಜಾನೇ, ಬೆಟ್ ಕಟ್ಟಿದ್ರೆ ನೀವು ಸೋತ್ರಿ. ಮೂಲ ಗ್ರೀಕಿನ ಗೆಯೋರ್ಗೋಸ್. ಗೇ ಅಂದ್ರೆ ನೆಲ (ನಾವು ಸ್ಕೂಲಲ್ಲಿ ಓದಿದ ಜಿಯಾಗ್ರಫಿ, ಜಿಯಾಮೆಟ್ರಿ ಎರಡರಲ್ಲೂ ಇರೋದು ಇದೇ), ಎರ್ಗೋನ್ ಅಂದ್ರೆ ಕೆಲಸ, ಎನರ್ಜಿಯಲ್ಲಿ ಇರೋದು ಅದೇ. ಎರಡೂ ಸೇರಿದ್ರೆ ಮಣ್ಣಿನ ಕೆಲಸ ಮಾಡೋನು, ಅಂದ್ರೆ ರೈತ, ಅಷ್ಟೇ. ಇಂಗ್ಲೆಂಡಿನ ಸಿಂಹಾಸನದ ಮೇಲೆ 1714ರಿಂದ ಆರು ಜನ ಜಾರ್ಜ್‌ಗಳು ಕೂತ್ರಲ್ಲ, ಅವ್ರೆಲ್ಲ ಹೆಸರಲ್ಲಾದ್ರೂ ಒಕ್ಕಲುತನದೋರೇ!

ಹೆಸರು ಊರೂರು ಸುತ್ತಿದ್ದು ಸಂತ ಜಾರ್ಜ್‌ನಿಂದ, ರೋಮ್‌ನ ಡಯೋಕ್ಲೀಷಿಯನ್ ಕಾಲದಲ್ಲಿ ಹುತಾತ್ಮನಾದ ಅಂತಾರಲ್ಲ, ಅವನು. ಸಿರಿಯಾಕ್ ಭಾಷೆಯವ್ರ ಬಾಯಲ್ಲಿ ಅದು ಗೀವರ್ಗೀಸ್ ಆಯ್ತು, ಕೇರಳದ ಸುರಿಯಾನಿ ಕ್ರೈಸ್ತರ ಪ್ರಾರ್ಥನೆಯ ಭಾಷೆ ಅದೇ ಆಗಿದ್ರಿಂದ ಹೆಸರೂ ಹಾಗೇ ಬಂತು, ಆಮೇಲೆ ಮುಂದಿನ ಗೀ ಬಿದ್ದುಹೋಗಿ ವರ್ಗೀಸ್ ಉಳೀತು, ಅದನ್ನೂ ಇನ್ನಷ್ಟು ಸವೆಸಿ ವರ್ಕಿ ಅಂತ ಕರೆಯೋರೂ ಇದ್ದಾರೆ. ನಂಗೆ ತುಂಬ ಇಷ್ಟದ ಉದಾಹರಣೆ ಅಮುಲ್‌ನ ವರ್ಗೀಸ್ ಕುರಿಯನ್. ಜೀವನ ಪೂರ್ತಿ ಹಾಲು ಹಾಕೋ ರೈತರ ಜೊತೆ ಕಳೆದ ಮನುಷ್ಯನ ಹೆಸರಿನ ಅರ್ಥಾನೇ ರೈತ ನೋಡಿ. ಕುರಿಯನ್ ಕೂಡ ಗ್ರೀಕೇ, ಕುರಿಯಾಕೋಸ್‌ನಿಂದ ಬಂದಿದ್ದು, ಪ್ರಭುವಿಗೆ ಸೇರಿದವನು ಅಂತ.

ಬಾಯಿಂದ ಬಾಯಿಗೆ ಗುರುತೇ ಸಿಗದ ಹಾಗೆ ಬದಲಾಗಿದೆ ಈ ಹೆಸರು. ಈಗಿನ ಗ್ರೀಕರು ಮೊದಲ ಗ-ನ ಯ ಥರ ಮೆತ್ತಗೆ ಮಾಡಿ ಯೋರ್ಗೋಸ್ ಅಂತಾರೆ. ರಷ್ಯಾದಲ್ಲಂತೂ ಒಂದೇ ಹೆಸರಿಗೆ ಮೂರು ರೂಪ, ಗಿಯೋರ್ಗಿ, ಯೆಗೋರ್, ಯೂರಿ. ಹೌದು, ಅಂತರಿಕ್ಷಕ್ಕೆ ಮೊದಲು ಹೋದ ಯೂರಿ ಗಗಾರಿನ್‌ನೂ ಜಾರ್ಜೇ. ಸ್ಪೇನಲ್ಲಿ ಹೋರ್ಹೆ, ಜರ್ಮನಿಯಲ್ಲಿ ಯೂರ್ಗೆನ್, ಪೋಲೆಂಡಲ್ಲಿ ಯೆಜಿ. ಹೆಣ್ಮಕ್ಕಳಿಗೆ ಜಾರ್ಜಿನಾ, ಜಾರ್ಜಿಯಾ. ಅಮೆರಿಕದ ಜಾರ್ಜಿಯಾ ಹೆಸರು ಎರಡನೇ ಜಾರ್ಜ್ ರಾಜನಿಂದ ಬಂದಿದ್ದು, ಆದ್ರೆ ರಷ್ಯಾ ಪಕ್ಕದ ಜಾರ್ಜಿಯಾ ದೇಶದ ಕಥೆ ಬೇರೆ, ಅಲ್ಲಿನವ್ರು ತಮ್ಮ ದೇಶನ ಸಾಕಾರ್ತ್ವೇಲೋ ಅಂತಾರೆ.

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್‌ಗೆ ಮಾತ್ರ ಹೆಸರು ನೇರ ಅರಮನೆಯಿಂದಾನೇ ಬಂತು ಅನ್ಬೇಕು. ಅವ್ರ ತಾಯಿಗೆ ಐದನೇ ಜಾರ್ಜ್ ಅಂದ್ರೆ ಅಭಿಮಾನ, ಮಗ ಹುಟ್ಟಿದ್ದೂ (1930) ರಾಜನ ಬರ್ತ್‌ಡೇ ದಿನಾನೇ, ಜೂನ್ 3. ಆ ಮಗ ಬೆಳೆದು ಸಮಾಜವಾದಿ ಆಗಿ ರೈಲ್ವೆ ಮುಷ್ಕರ ಮಾಡಿಸಿದ್ದು ನಿಮಗೆ ಗೊತ್ತೇ ಇದೆ.

ಒಂದೇ ಹೆಸರು ಅಂತ ನಿಮ್ಮ ವರ್ಗೀಸ್ ಅವ್ರು ಬ್ಯಾಂಕಲ್ಲೊಂದು ಪಾಸ್‌ಪೋರ್ಟಲ್ಲೊಂದು ಬರೆಯೋಕೆ ಹೋಗ್ಬಾರ್ದು ಅಷ್ಟೇ, ಕೌಂಟರಲ್ಲಿ ಕೂತೋರಿಗೆ ಗ್ರೀಕ್ ಕಥೆ ಹೇಳಿದ್ರೆ ನಡಿಯಲ್ಲ, ಅಫಿಡವಿಟ್ ತನ್ನಿ ಅಂತಾರೆ.